ನಲ್ಲಿಯ ಹತ್ತಿರ ನಿಲ್ಲುವ ಅಳಿಯ

ಆಸ್ಪತ್ರೆಯವರು ಅದಕ್ಕೆ ಇಟ್ಟ ಹೆಸರು ಬೇರೆಯೇ ಇತ್ತು. ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸಿ, ಯಾರ ನಾಲಿಗೆಯಲ್ಲೂ ಹೊರಳದ ಆ ಹೆಸರನ್ನು ಮೈಕಿನಲ್ಲಿ ಕೂಗಿದ್ದರು. ಸಂಜೆಯೊಳಗೆ ವಾರ್ಡಿನ ಕೆಲಸದವರು ಅದನ್ನು 'ಅಳಿಯ' ಮಾಡಿ ಮುಗಿಸಿದರು. ಮೈಗೆ ಕೊಳೆ ತಾಗಿಸಿಕೊಳ್ಳುವುದಿಲ್ಲ, ಭಾರ ಎತ್ತುವುದಿಲ್ಲ, ಎದುರಿಗೆ ಬಂದರೆ ಎಲ್ಲರೂ ಪಕ್ಕಕ್ಕೆ ಸರಿಯಬೇಕು, ಆಗಾಗ ಮೂಲೆಯಲ್ಲಿ ನಿಂತು ಕರೆಂಟು ಕುಡಿಯುತ್ತದೆ. ಅಳಿಯನಲ್ಲದೆ ಇನ್ನೇನು? ಎದೆಯೆತ್ತರದ ಬಿಳಿ ಯಂತ್ರ, ಕೆಳಗೆ ಮೆಲುಸದ್ದಿನ ಚಕ್ರ, ನಡುವೆ ಬಗ್ಗುವ ಕೀಲು, ಮೇಲೆ ಹಿಂದಕ್ಕೂ ತಿರುಗುವ ದುಂಡು ತಲೆ. ಅಂಥವು ಒಂದಷ್ಟು ಬಂದಿದ್ದವು. ಎಲ್ಲವೂ ಅಳಿಯನೇ. ಕಾಯುವ ಹಾಲಿಗೆ ಬಂದು, ಕೈಯಲ್ಲಿರುವ ಟೋಕನ್ ಗುರುತಿಸಿ, "ಬನ್ನಿ, ನನ್ನ ಜೊತೆ ಬನ್ನಿ" ಎಂದು ಜನರನ್ನು ಹೋಗಬೇಕಾದ ಕಡೆ ಕರೆದುಕೊಂಡು ಹೋಗುವುದು ಅವುಗಳ ಕೆಲಸ.

ಅದಕ್ಕೂ ಮೊದಲು ಆ ಕೆಲಸ ದಾರಿಯಕ್ಕನದಾಗಿತ್ತು. ಅವಳ ನಿಜವಾದ ಹೆಸರು ಹಾಜರಿ ಹಾಕುವವನಿಗೂ ಮರೆತುಹೋಗಿತ್ತು. ಹೊಸ ಕಟ್ಟಡ, ಅದಕ್ಕೆ ಅಂಟಿಸಿದ ಹಳೆಯ ಕಟ್ಟಡ, ಎಲ್ಲಿಗೂ ಹೋಗದ ಮೆಟ್ಟಿಲು. ಒಳಗೆ ಹೊಕ್ಕವರು ಸರಿಯಾದ ಬಾಗಿಲು ಸೇರಬೇಕಾದರೆ ಪುಣ್ಯ ಮಾಡಿರಬೇಕು, ಇಲ್ಲವೇ ದಾರಿಯಕ್ಕ ಸಿಗಬೇಕು. ರಕ್ತಪರೀಕ್ಷೆಗೆ, ಸ್ಕ್ಯಾನಿಂಗಿಗೆ, ಹೆರಿಗೆ ವಾರ್ಡಿಗೆ ಜನ ಅವಳ ಬೆನ್ನು ನೋಡಿಕೊಂಡೇ ಹೋಗುತ್ತಿದ್ದರು.

ಅಳಿಯ ಬರುವ ಮುಂಚಿನ ವರ್ಷ ಯಂತ್ರದ ಕಂಪನಿಯಿಂದ ಒಬ್ಬಳು ಎಂಜಿನಿಯರ್ ಹುಡುಗಿ ಬಂದಿದ್ದಳು. ಮೂಗಿನ ತುದಿಗೆ ಜಾರುವ ಕನ್ನಡಕ. ಕ್ಯಾಮೆರಾ ಕೂರಿಸಿದ ತಳ್ಳುಗಾಡಿಯೊಂದನ್ನು ನೂಕಿಕೊಂಡು ದಾರಿಯಕ್ಕನ ಹಿಂದೆಯೇ ಅಲೆಯುತ್ತಿದ್ದಳು.

"ಅಕ್ಕ, ನೀವೇನೂ ವಿಶೇಷ ಮಾಡ್ಬೇಡಿ. ದಿನಾ ಹೇಗೆ ನಡೀತೀರೋ ಹಾಗೇ ನಡೀರಿ."

"ನನ್ನ ನಡಿಗೇಲಿ ಏನಿದೆ ತಾಯಿ? ನಮ್ಮತ್ತೆ ಇದನ್ನ ಬಾತುಕೋಳಿ ನಡಿಗೆ ಅಂತಾರೆ."

"ಯಂತ್ರ ಮುಂದೆ ಹೋದ್ರೆ ಜನ ಹಿಂದೆ ಬರಲ್ಲ ಅಕ್ಕ. ನಗ್ತಾರೆ, ಇಲ್ಲ ಹೆದರ್ತಾರೆ. ನೀವು ಹೋದ್ರೆ ತೆಪ್ಪಗೆ ಬರ್ತಾರೆ. ಅದು ಹೇಗೆ ಅಂತ ಅದಕ್ಕೆ ಕಲಿಸ್ಬೇಕು."

ಅದು ಹೇಗೆಂದು ದಾರಿಯಕ್ಕನಿಗೇ ಗೊತ್ತಿರಲಿಲ್ಲ. ಹುಡುಗಿ ತೋರಿಸಿದ ಮೇಲೆ ಗೊತ್ತಾಯಿತು. ಅವಳು ಹಿಂದಿರುಗಿ ನೋಡುವಾಗ ಜನರ ಮುಖ ನೋಡುತ್ತಿರಲಿಲ್ಲ, ಪಾದ ನೋಡುತ್ತಿದ್ದಳು. ಮುಖ ನೋಡಿದರೆ ಮುಖ ಪ್ರಶ್ನೆ ಕೇಳುತ್ತದೆ. ಪಾದ ಕೇಳುವುದಿಲ್ಲ. ಪಾದ ನಿಧಾನವಾದರೆ ತಾನೂ ನಿಧಾನ, ಪಾದ ನಿಂತರೆ ತಾನೂ ನಿಲ್ಲುತ್ತಿದ್ದಳು. ತಿರುವಿನಲ್ಲಿ ಗೋಡೆಗೆ ಮೈ ಹತ್ತಿರ ಮಾಡಿ, ಹಿಂದಿನವರಿಗೆ ಮುಂದಿನ ದಾರಿ ಮೊದಲು ಕಾಣುವಂತೆ ಮಾಡುತ್ತಿದ್ದಳು. ಇದನ್ನೆಲ್ಲ ಹುಡುಗಿ ಸಂಭ್ರಮದಿಂದ ಬರೆದುಕೊಂಡಳು.

ಒಂದನ್ನು ಮಾತ್ರ ದಾರಿಯಕ್ಕ ಹೇಳಲಿಲ್ಲ.

ಆಸ್ಪತ್ರೆಯ ನೆಲಮಹಡಿಯಲ್ಲಿ ಒಂದು ಮಾತುಕೋಣೆ ಇದೆ. ಬಾಗಿಲ ಮೇಲೆ ಏನೂ ಬರೆದಿಲ್ಲ. ಒಳಗೆ ಮೆತ್ತನೆಯ ಕುರ್ಚಿಗಳು. ಉಳಿದ ಸುದ್ದಿಯನ್ನೆಲ್ಲ ಡಾಕ್ಟರುಗಳು ವಾರ್ಡಿನ ಬಾಗಿಲಲ್ಲಿ ನಿಂತ ನಿಲುವಿನಲ್ಲೇ ಹೇಳಿ ಹೋಗುತ್ತಾರೆ. ಕುರ್ಚಿ ಕೊಟ್ಟು ಹೇಳುವುದು ಒಂದೇ ಸುದ್ದಿಯನ್ನು. ಅಲ್ಲಿಗೆ ನೇರ ದಾರಿ ಇದೆ. ಆದರೆ ಅದು ಆಪರೇಷನ್ ಆದವರನ್ನು, ಉಳಿದವರನ್ನೂ ಉಳಿಯದವರನ್ನೂ, ಮಲಗಿಸುವ ಕೋಣೆಯ ದೊಡ್ಡ ಗಾಜಿನ ಮುಂದೆಯೇ ಹಾದುಹೋಗುತ್ತದೆ. ತಮ್ಮವರನ್ನು ಜನ ಮೊದಲು ಆ ಗಾಜಿನಲ್ಲಿ ನೋಡಬಾರದೆಂದು ದಾರಿಯಕ್ಕ ಹಳೆಯ ಕಟ್ಟಡ ಬಳಸಿ ಕರೆದೊಯ್ಯುತ್ತಿದ್ದಳು. ಆ ಕಾರಿಡಾರಿನ ನಡುವೆ ಕುಡಿಯುವ ನೀರಿನ ನಲ್ಲಿ. ಅಲ್ಲಿ ಬಗ್ಗಿ ಚಪ್ಪಲಿಯ ಬಾರು ಸರಿಮಾಡಿಕೊಳ್ಳುವ ನೆವದಲ್ಲಿ ನಿಲ್ಲುತ್ತಿದ್ದಳು. ಅವಳು ನಿಂತಾಗ ಜನ ಸುಮ್ಮನಿರಲಾರದೆ ಒಂದು ಬೊಗಸೆ ನೀರು ಕುಡಿಯುತ್ತಿದ್ದರು. ಕುಡಿದು ಹೋದವರು ಕುರ್ಚಿಯಲ್ಲಿ ಕುಸಿಯುವುದು ಕಡಿಮೆ ಎಂದು ಅವಳ ನಂಬಿಕೆ.

"ಇಲ್ಲಿ ಯಾಕೆ ನಿಂತ್ರಿ ಅಕ್ಕ?" ಎಂದು ಹುಡುಗಿ ಕೇಳಿದ್ದಳು.

"ಚಪ್ಪಲಿ ಬಾರು ಬಿಚ್ಕೊಂಡಿತ್ತು."

"ಮೊನ್ನೆನೂ ಇಲ್ಲೇ ಬಿಚ್ಕೊಂಡಿತ್ತು."

"ಹಳೇ ಚಪ್ಪಲಿ ತಾಯಿ. ಅದಕ್ಕೆ ಜಾಗ ಅಭ್ಯಾಸ ಆಗಿದೆ."

ನೀರು ಕುಡಿಯುತ್ತಿದ್ದವರು ಪಕ್ಕದಲ್ಲೇ ಇದ್ದರು. ಅವರೆದುರು ಹೇಳುವುದು ಹೇಗೆ? ಆಮೇಲಾದರೂ ಹೇಳಬಹುದಿತ್ತು. ಆದರೆ ಕೆಲಸದವರ ನಡುವೆ ಒಂದು ಕಟ್ಟಳೆ ಇತ್ತು. 'ಸತ್ತರು' ಎನ್ನುವ ಮಾತು ಡಾಕ್ಟರ ಸೊತ್ತು. ಕಾರಿಡಾರಿನಲ್ಲಿ ಅದನ್ನು ಯಾರೂ ಬಾಯಿಗೆ ತರುವಂತಿಲ್ಲ, ಹತ್ತಿರ ಸುಳಿಯುವಂತೆಯೂ ಇಲ್ಲ. ಹುಡುಗಿ ಕನ್ನಡಕ ಮೇಲೆ ತಳ್ಳಿಕೊಂಡು ನಕ್ಕು, ತನಗೆ ತೋಚಿದ್ದನ್ನು ಬರೆದುಕೊಂಡಳು.

ಅಳಿಯಂದಿರು ಬಂದರು. ದಾರಿಯಕ್ಕನನ್ನು ಬಟ್ಟೆಕೋಣೆಗೆ ಹಾಕಿದರು. ಒಗೆದು ಬಂದ ಹಾಸಿಗೆ ಬಟ್ಟೆ, ದಿಂಬಿನ ಚೀಲ ಮಡಿಚಿ ಕಪಾಟಿಗೆ ಸೇರಿಸುವ ಕೆಲಸ. ಬಟ್ಟೆಕೋಣೆ ಇದ್ದದ್ದು ಹಳೆಯ ಕಟ್ಟಡದಲ್ಲಿ, ಅದೇ ನಲ್ಲಿಯ ಎದುರಿಗೆ.

ಮೊದಲ ಸಲ ನೋಡಿದಾಗ ಕೈಯಲ್ಲಿದ್ದ ಚಾದರ ಕೈಯಲ್ಲೇ ಉಳಿಯಿತು. ಅಳಿಯ ಒಬ್ಬ ಗಂಡಸನ್ನೂ ಅವನ ತಂಗಿಯನ್ನೂ ಕರೆತರುತ್ತಿತ್ತು. ತಲೆ ಹಿಂದಕ್ಕೆ ತಿರುಗಿಸಿ ಬಗ್ಗಿಸಿ ಅವರ ಪಾದ ನೋಡಿತು. ತಿರುವಿನಲ್ಲಿ ಗೋಡೆಗೆ ಒರಗಿಕೊಂಡಂತೆ ಸರಿಯಿತು. ನಲ್ಲಿಯ ಹತ್ತಿರ ನಿಂತಿತು. ನಿಂತು, ಬಗ್ಗಿತು. ಕಾಲಿಲ್ಲ, ಚಪ್ಪಲಿಯಿಲ್ಲ, ಆದರೂ ಬಾರು ಬಿಗಿಯುವಷ್ಟು ಹೊತ್ತು ಬಗ್ಗಿಯೇ ಇತ್ತು. ತಂಗಿ ನೀರು ಕುಡಿದಳು. ಅಣ್ಣ ಮುಖ ತೊಳೆದುಕೊಂಡ. ಮೂವರೂ ಮುಂದೆ ಹೋದರು.

ದೆವ್ವ ಎಂದರೆ ಸತ್ತವರದು ಎಂದು ಅವಳು ತಿಳಿದಿದ್ದಳು. ಬದುಕಿ, ಸಂಬಳ ಎಣಿಸಿ, ಬಟ್ಟೆ ಮಡಿಚುತ್ತಿರುವವಳದೂ ಓಡಾಡುತ್ತದೆಂದು ಯಾರೂ ಹೇಳಿರಲಿಲ್ಲ.

ಆಮೇಲಾಮೇಲೆ ಅವಳು ಬಾಗಿಲು ಹಾಕಿಕೊಂಡು ಕೆಲಸ ಮಾಡತೊಡಗಿದಳು. ಪ್ರಯೋಜನವಾಗಲಿಲ್ಲ. ಚಕ್ರದ ಸದ್ದು ನೆಲಕ್ಕೆ ಬಟ್ಟೆ ಎಳೆದಷ್ಟೇ ಮೆಲ್ಲಗೆ ಬಂದು, ಬಾಗಿಲಾಚೆ ನಿಲ್ಲುತ್ತಿತ್ತು. ಆಮೇಲೆ ಮೌನ. ಆಮೇಲೆ ನೀರಿನ ಸದ್ದು. ಕೆಲವೊಮ್ಮೆ ನೀರಿನ ಸದ್ದು ಬರುತ್ತಲೇ ಇರಲಿಲ್ಲ, ಅದು ಇನ್ನೂ ಕೆಟ್ಟದ್ದು. ಯಾರು ಕುಡಿಯಲಿಲ್ಲ, ಯಾಕೆ ಕುಡಿಯಲಿಲ್ಲ ಎಂದು ಮಡಿಚಿದ ಚಾದರವನ್ನೇ ಬಿಚ್ಚಿ ಮತ್ತೆ ಮಡಿಚುವಳು.

ಮನೆಯಲ್ಲಿ ಅತ್ತೆಗೆ ಹೇಳಿದಳು.

"ನಿನ್ನ ನಡಿಗೆ ಕಲೀತಾ ಅದು?" ಅತ್ತೆ ಗೊಳ್ಳೆಂದು ನಕ್ಕಳು. "ಲೋಕದಲ್ಲಿ ಇನ್ಯಾರೂ ಸಿಗಲಿಲ್ವೇನೇ ಅವರಿಗೆ? ಇನ್ನು ಆ ಆಸ್ಪತ್ರೆ ಉದ್ಧಾರ ಆದ ಹಾಗೇ."

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಎರಡು ಕೋಣೆಯ ಆ ಮನೆಯಲ್ಲಿ ಸೊಸೆಯ ಕಾಲ ಬರಲೇ ಇಲ್ಲ. ನಡುವೆ ಇದ್ದ ಮಗ ಸತ್ತು ಎಷ್ಟೋ ವರ್ಷವಾದರೂ ಇಬ್ಬರೂ ಜಗಳಕ್ಕೆಂದೇ ಒಟ್ಟಿಗೆ ಉಳಿದವರ ಹಾಗೆ ಇದ್ದರು. ಬಾಗಿಲು ತೆರೆದಾಗ ಬೈಯಲು ಒಬ್ಬರು ಇರುವುದಕ್ಕೂ ಮನೆ ಎನ್ನುತ್ತಾರೆ ಎಂದು ದಾರಿಯಕ್ಕನಿಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳುವವಳಲ್ಲ. ಅತ್ತೆಗೆ ಇದ್ದ ಒಂದೇ ಜಂಬ ಅವಳ ಕಟ್ಟಿಸಿದ ಹಲ್ಲು. ಬೆಳಿಗ್ಗೆ ಹಲ್ಲು ಹಾಕಿಕೊಳ್ಳುವ ತನಕ ಬಾಯಿಗೆ ಟವೆಲ್ ಹಿಡಿದೇ ಬೈಯುತ್ತಿದ್ದಳು. ಕಟ್ಟಿಕೊಂಡ ಗಂಡನೂ ನನ್ನ ಬೋಳು ವಸಡು ನೋಡದೆ ಹೋದ ಎನ್ನುವುದು ಅವಳ ಹೆಮ್ಮೆ.

ಬಚ್ಚಲಲ್ಲಿ ಜಾರಿ ಬಿದ್ದು ಅತ್ತೆಯ ಸೊಂಟದ ಮೂಳೆ ಮುರಿಯಿತು. ಇದೇ ಆಸ್ಪತ್ರೆಗೆ ಸೇರಿಸಿದಳು. ಆಪರೇಷನ್ನಿಗೆ ಒಯ್ಯುವ ಮೊದಲು ನರ್ಸ್ ಹಲ್ಲು ತೆಗೆಯಬೇಕೆಂದಾಗ ಅತ್ತೆ ಅವಳನ್ನು ಆಚೆ ಕಳಿಸಿ, ಸೊಸೆಯನ್ನು ಹತ್ತಿರ ಕರೆದಳು. ಗೋಡೆಯ ಕಡೆ ತಿರುಗಿ, ಎರಡೂ ಸೆಟ್ಟು ತೆಗೆದು ಸ್ಟೀಲಿನ ಡಬ್ಬಿಗೆ ಹಾಕಿ, ಬಾಯಿಗೆ ಕೈ ಅಡ್ಡ ಹಿಡಿದಳು.

"ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಬಂದಾಗ ಹಲ್ಲಿಲ್ಲ. ಈಗ ಡಬ್ಬೀಲಿ ಹಲ್ಲಿದೆ, ಕಡಲೆ ತಿನ್ನೋಕೆ ಡಾಕ್ಟ್ರು ಬಿಡಲ್ಲ. ಕೇಳಿಸ್ಕೊಳ್ಳೇ ಇಲ್ಲಿ. ನನ್ನ ಹೊರಗೆ ತರೋ ಹೊತ್ತಿಗೆ ನೀನು ಬಾಗಿಲಲ್ಲೇ ಇರ್ಬೇಕು. ಮೊದಲು ಹಲ್ಲು, ಆಮೇಲೆ ಮಾತು. ಆ ಡಾಕ್ಟ್ರು, ಈ ವಾರ್ಡಿನ ಮುದುಕೀರು, ಯಾರೂ ನನ್ನ ಈ ಬಾಯಿ ನೋಡ್ಬಾರ್ದು."

"ಸರಿ ಅತ್ತೆ."

"ಸರಿ ಅಂದು ಅಲ್ಲೆಲ್ಲೋ ಹರಟೆ ಹೊಡೀತಾ ಕೂತ್ಕೋಬೇಡ."

"ಇಲ್ಲ ಅಂದೆನಲ್ಲ. ಮಲಗಿ ಸುಮ್ನೆ."

"ಮಲಗದೆ ಕುಣೀತೀನಾ ಮುರಿದ ಸೊಂಟ ಇಟ್ಕೊಂಡು?"

ಬಾಗಿಲಲ್ಲಿ ನಿಲ್ಲಲು ಬಿಡಲಿಲ್ಲ. ಅವಳು ರಜೆ ಹಾಕಿದ್ದಳು, ಮೈಮೇಲೆ ಸಮವಸ್ತ್ರ ಇರಲಿಲ್ಲ. ಬಾಗಿಲ ಕಾವಲಿನವನು ಹೊಸಬ, ಅವಳನ್ನು ಕಂಡವನಲ್ಲ. "ಟೋಕನ್ ತಗೊಂಡು ಹಾಲಲ್ಲಿ ಕೂತ್ಕೊಳ್ಳಮ್ಮ, ಕರೀತಾರೆ" ಎಂದ. ಹೋಗಿ ಕೂತಳು. ಎಷ್ಟೋ ವರ್ಷ ಇದೇ ಹಾಲಿನಿಂದ ಜನರನ್ನು ಎಬ್ಬಿಸಿ ಕರೆದೊಯ್ದಿದ್ದಳು. ಕೂತು ನೋಡಿರಲಿಲ್ಲ. ಕುರ್ಚಿಗಳು ಇಷ್ಟು ತಗ್ಗು ಎಂದು ಗೊತ್ತಿರಲಿಲ್ಲ.

ಮಧ್ಯಾಹ್ನದ ಬಿಸಿಲು ಹಾಲಿನ ನೆಲಕ್ಕೆ ಬಿದ್ದಾಗ ಅಳಿಯ ಬಂದಿತು. ಸಾಲು ದಾಟಿ, ಅವಳೆದುರು ನಿಂತು, ತಲೆ ತಗ್ಗಿಸಿ ಅವಳ ಪಾದ ನೋಡಿತು.

"ಬನ್ನಿ, ನನ್ನ ಜೊತೆ ಬನ್ನಿ."

ಆಪರೇಷನ್ ಮುಗಿಯಿತು ಎಂದುಕೊಂಡು ಎದ್ದಳು. ಡಬ್ಬಿಯನ್ನು ಸೆರಗಿನಡಿ ಹಿಡಿದುಕೊಂಡಳು. ಕೌಂಟರಿನವನು ಅವಳನ್ನು ಕಂಡು ಹಲ್ಲು ಕಿರಿದ. "ಏನ್ ದಾರಿಯಕ್ಕ, ಅಳಿಯನ ಜೊತೆ ವಾಕಿಂಗಾ?" ಅವನಿಗೆ ಏನೂ ತಿಳಿದಿರಲಿಲ್ಲ. ಈಗ ಡಾಕ್ಟರು ಒಳಗೆ ಗುಂಡಿ ಒತ್ತಿದರೆ ಸುದ್ದಿ ಕೌಂಟರಿಗೆ ಬಾರದೆ ನೇರ ಯಂತ್ರಕ್ಕೇ ಹೋಗುತ್ತಿತ್ತು. ಅವಳೂ ನಕ್ಕಳು.

ಹಾಲು ದಾಟಿದ ಮೇಲೆ ದಾರಿ ಎರಡಾಗುತ್ತದೆ. ಬಲಕ್ಕೆ ಹೋದರೆ ಗಾಜಿನ ಕೋಣೆ, ವಾರ್ಡು. ಎಡಕ್ಕೆ ಹಳೆಯ ಕಟ್ಟಡ.

ಅಳಿಯ ಎಡಕ್ಕೆ ತಿರುಗಿತು.

ಅವಳು ನಿಂತುಬಿಟ್ಟಳು. ಅದೂ ನಿಂತಿತು. ಹಿಂದಿರುಗಿ ಪಾದ ನೋಡಿತು. ಅವಸರ ಮಾಡಲಿಲ್ಲ. ಹೇಗೆ ಮಾಡೀತು? ಅವಸರ ಮಾಡಬಾರದೆಂದು ಕಲಿಸಿದವಳೇ ಅವಳು. ಆ ಇಡೀ ಆಸ್ಪತ್ರೆಯಲ್ಲಿ, ಅದನ್ನು ಕಟ್ಟಿದವರೂ ಸೇರಿ, ಆ ಎಡ ತಿರುವಿನ ಅರ್ಥ ಗೊತ್ತಿದ್ದದ್ದು ಅವಳೊಬ್ಬಳಿಗೆ.

ಬಲಕ್ಕೆ ಓಡಬೇಕಿತ್ತು. ಓಡಲಿಲ್ಲ. ಯಂತ್ರದ ಬೆನ್ನ ಹಿಂದೆ ನಡೆಯುತ್ತಿರುವಷ್ಟು ಹೊತ್ತು ಯಾರೂ ಏನೂ ಹೇಳಿಲ್ಲ. ಹೇಳದೇ ಇರುವಾಗ ಅತ್ತೆ ಇನ್ನೂ ಎಲ್ಲೋ ಬಾಯಿಗೆ ಕೈ ಅಡ್ಡ ಹಿಡಿದು ಬೈಯುತ್ತಿದ್ದಾಳೆ. ಅದಕ್ಕಾಗಿ ನಡೆದಳು. ಹಿಂದೆ ಬಂದವರೆಲ್ಲ ಯಾಕೆ ತೆಪ್ಪಗೆ ಬರುತ್ತಿದ್ದರೆಂದು ಎಂಜಿನಿಯರ್ ಹುಡುಗಿ ಕೇಳಿದ್ದಕ್ಕೆ ಈಗ ಉತ್ತರ ಸಿಕ್ಕಿತು.

ತಿರುವಿನಲ್ಲಿ ಅದು ಗೋಡೆಗೆ ಸರಿಯಿತು. ಅವಳು ತನ್ನ ಬೆನ್ನನ್ನು ಎಂದೂ ಕಂಡವಳಲ್ಲ. ಈಗ ಕಾಣುತ್ತಿತ್ತು. ಬಾತುಕೋಳಿಯ ಹಾಗೆ ಒಂದಿಷ್ಟು ತೂಗುತ್ತ, ಯಾರ ಕಣ್ಣಿಗೂ ಕಣ್ಣು ಕೊಡದೆ, ಎಲ್ಲ ತಿಳಿದೂ ಏನೂ ತಿಳಿಯದವಳ ಹಾಗೆ ಮುಂದೆ ಹೋಗುತ್ತಿತ್ತು.

ನಲ್ಲಿ ಬಂತು. ಅದು ನಿಂತಿತು. ಬಗ್ಗಿತು.

ಬಗ್ಗಿದ ಆ ಬಿಳಿ ಬೆನ್ನನ್ನು ಅವಳು ನೋಡುತ್ತ ನಿಂತಳು. ಯಾರನ್ನು ಏಮಾರಿಸಿದೆ ಎಂದುಕೊಂಡಿದ್ದೆ ನಾನು? ಆಸ್ಪತ್ರೆಯಲ್ಲಿ ಕರೆಯಲು ಬಂದವರು ನಡುದಾರಿಯಲ್ಲಿ ನಿಂತು, ಮುಖ ತಪ್ಪಿಸಿ, ಚಪ್ಪಲಿ ನೋಡಿಕೊಳ್ಳುತ್ತಾರೆಂದರೆ ಏನರ್ಥವೆಂದು ಎಂಥ ದಡ್ಡನಿಗೂ ಗೊತ್ತಾಗುತ್ತದೆ. ಅವರೆಲ್ಲರಿಗೂ ಇಲ್ಲಿಯೇ ಗೊತ್ತಾಗಿತ್ತು. ಡಾಕ್ಟರು ಹೇಳಿದ್ದಲ್ಲ, ಅವಳ ಬಗ್ಗಿದ ಬೆನ್ನು ಹೇಳಿತ್ತು. ನೀರು ಕುಡಿದದ್ದು ಬಾಯಾರಿ ಅಲ್ಲ. ಪಾಪ, ಈ ಹೆಂಗಸು ಇಷ್ಟು ಕಷ್ಟಪಟ್ಟು ನಾಟಕ ಆಡುತ್ತಿದ್ದಾಳೆ, ಅವಳ ಮನಸ್ಸು ಯಾಕೆ ನೋಯಿಸಬೇಕು ಎಂದು ಕುಡಿದಿದ್ದರು. ಬಾಣಂತಿ ಮಗಳನ್ನು ಕಳೆದುಕೊಂಡ ಒಬ್ಬ ಲಾರಿ ಡ್ರೈವರ್ ಎರಡು ಬೊಗಸೆ ಕುಡಿದು, "ತಣ್ಣಗಿದೆ ಅಕ್ಕ" ಎಂದಿದ್ದ. ಅವಳನ್ನು ಸಮಾಧಾನ ಮಾಡಲು ಅಂದಿದ್ದ.

ಸೆರಗಿನಡಿಯ ಡಬ್ಬಿಯಲ್ಲಿ ಹಲ್ಲು ಟಣ್ಣೆಂದಿತು. ಅವಳು ಅದನ್ನು ಎದೆಗೆ ಒತ್ತಿಕೊಂಡಳು.

ಅತ್ತೆಯನ್ನು ಹೊರಗೆ ತಂದಿದ್ದಾರೆ. ಬಾಯಿ ತೆರೆದು ಮಲಗಿದ್ದಾಳೆ. ಗಾಜಿನಾಚೆ ಹೋಗಿ ಬರುವವರೆಲ್ಲ ನೋಡುತ್ತಿದ್ದಾರೆ. ತಡವಾದರೆ ದವಡೆ ಬಿಗಿಯುತ್ತದೆ, ಆಮೇಲೆ ಹಲ್ಲು ಕೂರಿಸಲಾಗದು. ಇದನ್ನು ವಾರ್ಡಿನ ಆಯಾಗಳ ಬಾಯಲ್ಲಿ ಎಷ್ಟೋ ಸಲ ಕೇಳಿದ್ದಳು. ಈ ಸುತ್ತು ದಾರಿ ಆ ಹೊತ್ತನ್ನೇ ತಿನ್ನುತ್ತಿತ್ತು.

ಅವಳು ಹಿಂದಕ್ಕೆ ತಿರುಗಿ ಓಡಿದಳು.

"ಬನ್ನಿ, ನನ್ನ ಜೊತೆ ಬನ್ನಿ" ಎಂದಿತು ಅಳಿಯ. ಇನ್ನೊಂದು ಸಲ ಎಂದಿತು. ಆಮೇಲೆ ಸುಮ್ಮನಾಯಿತು.

ಗಾಜಿನ ಕೋಣೆಯ ಬಾಗಿಲಲ್ಲಿ ನರ್ಸ್ ತಡೆದಳು. "ಡಾಕ್ಟ್ರು ಮಾತಾಡಿದ್ರಾ ನಿಮ್ಮ ಹತ್ರ?"

"ಹೂಂ, ಮಾತಾಡಿದ್ರು" ಎಂದು ಸುಳ್ಳು ಹೇಳಿದಳು. ನರ್ಸ್ ಪಕ್ಕಕ್ಕೆ ಸರಿದಳು. ಸರಿದದ್ದೇ ಸುದ್ದಿ.

ಅತ್ತೆಗೆ ಹೊದಿಸಿದ್ದ ಚಾದರ ಅವಳೇ ಮಡಿಚಿದ್ದು, ಅಂಚಿನ ಮಡಿಕೆಯಲ್ಲಿ ಗುರುತು ಸಿಕ್ಕಿತು. ಬಾಯಿ ಒಳಕ್ಕೆ ಸೇದಿಹೋಗಿತ್ತು. ಇಷ್ಟು ವರ್ಷ ತಾನು ಸುತ್ತು ದಾರಿ ಹಿಡಿದು ಜನರ ಕಣ್ಣಿಂದ ಮರೆಮಾಡಿದ್ದು ಇದನ್ನೇ: ಹಾಸಿಗೆಯ ಮೇಲೆ ಒಬ್ಬ ಮುದುಕಿ, ಅಷ್ಟೇ. ದವಡೆ ಇನ್ನೂ ಸಡಿಲವಿತ್ತು. ಮೇಲಿನ ಸೆಟ್ಟು ಕೂತಿತು. ಕೆಳಗಿನದು ಕೂರಲಿಲ್ಲ. ಬದುಕಿದ್ದಾಗಲೂ ಅದು ಸಡಿಲವೇ, ಅತ್ತೆ ನಾಲಿಗೆಯಿಂದ ಒತ್ತಿ ಹಿಡಿದು ಬೈಯುತ್ತಿದ್ದಳು. ಈಗ ಹಿಡಿಯುವ ನಾಲಿಗೆ ಇರಲಿಲ್ಲ. ದಾರಿಯಕ್ಕ ಅದನ್ನು ಕೂರಿಸಿ, ಗಲ್ಲಕ್ಕೆ ಅಂಗೈ ಕೊಟ್ಟು ಮೇಲಕ್ಕೆ ಒತ್ತಿ ನಿಂತಳು.

ಮಾತುಕೋಣೆಯಲ್ಲಿ ಕಾದು ಬೇಸತ್ತ ಡಾಕ್ಟರು ಹುಡುಕಿಕೊಂಡು ಬಂದರು. ಅವರಿಗೆ ಹೇಳಬೇಕಾದದ್ದು ಹೇಳಲೇಬೇಕಿತ್ತು. ನೋಡಿ, ನಾವು ನಮ್ಮ ಪ್ರಯತ್ನ ಎಲ್ಲ ಮಾಡಿದೆವು, ಹೃದಯ ಇದ್ದಕ್ಕಿದ್ದಂತೆ ನಿಂತಿತು, ಮತ್ತೆ ಬಡಿಯುವಂತೆ ಮಾಡಲು ನೋಡಿದೆವು. ಅವಳು ಗಲ್ಲ ಹಿಡಿದುಕೊಂಡೇ, ಮೊದಲ ಸಲ ಕೇಳುವವಳ ಹಾಗೆ, ಕೊನೆಯ ತನಕ ಕೇಳಿದಳು. ಅವರ ಮನಸ್ಸು ಯಾಕೆ ನೋಯಿಸಬೇಕು?

ಮತ್ತೆ ಕೆಲಸಕ್ಕೆ ಬಂದ ಮೇಲೆ, ಯಂತ್ರಗಳ ರಿಪೇರಿಗೆ ಬಂದಿದ್ದ ಎಂಜಿನಿಯರ್ ಹುಡುಗಿಯನ್ನು ಬಟ್ಟೆಕೋಣೆಗೆ ಕರೆದು ನಲ್ಲಿಯ ಸಂಗತಿ ಹೇಳಿದಳು. ಹುಡುಗಿ ಕನ್ನಡಕ ತೆಗೆದು ಒರೆಸಿದಳು, ಹಾಕಿಕೊಳ್ಳಲಿಲ್ಲ.

"ಜನಕ್ಕೆ ಅದು ತುಂಬಾ ಇಷ್ಟ ಅಕ್ಕ. ಬೇರೆ ಯಾವುದರ ಬಗ್ಗೆನೂ ಅಷ್ಟು ಒಳ್ಳೇ ಮಾತು ಬಂದಿಲ್ಲ. ನಾನು ಅದನ್ನ ಮರ್ಯಾದೆ ಅಂದ್ಕೊಂಡಿದ್ದೆ. ಮನುಷ್ಯರ ಹಾಗೆ ದಣಿವಾರಿಸ್ಕೊಳ್ಳುತ್ತೆ ಅಂತ."

"ತೆಗೆದುಬಿಡು."

"ತೆಗೀತೀನಿ. ತೆಗೆದ್ರೆ ನೇರ ದಾರೀಲಿ ಹೋಗುತ್ತೆ, ಗಾಜಿನ ಮುಂದೆ. ಅದಾಗ್ಬಹುದಾ?"

ದಾರಿಯಕ್ಕ ಒಂದು ದಿಂಬಿನ ಚೀಲ ಎತ್ತಿಕೊಂಡು ಅದರ ಮೂಲೆ ಜೋಡಿಸಿದಳು. ಆಮೇಲೆ ಇನ್ನೊಂದನ್ನು ಎತ್ತಿಕೊಂಡಳು. ಹುಡುಗಿ ಕಾದು, ನಂತರ ಫೋನ್ ಮಾಡ್ತೀನಿ ಅಕ್ಕ ಎಂದು ಹೋದಳು. ಮಾಡಲಿಲ್ಲ.

ಒಂದು ಬೆಳಿಗ್ಗೆ ಚಕ್ರದ ಸದ್ದು ಬಂದು ಬಾಗಿಲಾಚೆ ನಿಂತಿತು. ಮೌನ. ದಾರಿಯಕ್ಕ ಈ ಸಲ ಬಾಗಿಲು ತೆರೆದು ಹೊರಗೆ ಬಂದಳು. ಅಳಿಯ ಬಗ್ಗಿ ನಿಂತಿತ್ತು. ಹಿಂದೆ ಒಬ್ಬ ಹೆಂಗಸು, ಅವಳದೇ ವಯಸ್ಸು, ಕೈಯಲ್ಲಿ ಒಂದು ಗಂಡಸಿನ ವಾಚು.

"ಅಮ್ಮ, ಇದರ ಹಿಂದೆ ಬರ್ಬೇಡಿ. ಅಲ್ಲಿ ವಾಪಸ್ ಹೋಗಿ ಬಲಕ್ಕೆ ತಿರುಗಿದ್ರೆ ನೇರ ದಾರಿ ಇದೆ. ಬೇಗ ಹೋಗ್ಬಹುದು. ಬನ್ನಿ, ನಾನು ಕರ್ಕೊಂಡು ಹೋಗ್ತೀನಿ."

ಆ ಹೆಂಗಸು ಅವಳನ್ನು ಗೋಡೆಯಿಂದ ಇಳಿದು ಬಂದದ್ದನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಬಗ್ಗಿದ ಯಂತ್ರವನ್ನು ನೋಡಿದಳು. ಅವಳಿಗೆ ಗೊತ್ತಾಗಿತ್ತು, ಮುಖದಲ್ಲೇ ಇತ್ತು.

"ಬೇಡ ತಾಯಿ," ಎಂದಳು. "ಬೇಗ ಹೋಗಿ ಏನ್ ಮಾಡ್ಲಿ? ಇದರ ಜೊತೇನೇ ಹೋಗ್ತೀನಿ. ಪಾಪ, ನನಗೋಸ್ಕರ ನಿಂತಿದೆ."

ನಲ್ಲಿ ತಿರುಗಿಸಿ, ವಾಚು ಒದ್ದೆಯಾಗದಂತೆ ಕಂಕುಳಲ್ಲಿ ಸಿಕ್ಕಿಸಿಕೊಂಡು, ಬೊಗಸೆ ಒಡ್ಡಿದಳು.

ಅಳಿಯ ನೆಟ್ಟಗಾಯಿತು. ತಲೆ ಹಿಂದಕ್ಕೆ ತಿರುಗಿಸಿತು. ದಾರಿಯಕ್ಕ ಬಾಗಿಲಲ್ಲಿ ನಿಂತೇ ಇದ್ದಳು, ಇನ್ನೊಂದು ಮಾತು ಆಡಬೇಕೆಂದು ಬಾಯಿ ತೆರೆದಳು. ಆ ಹೆಂಗಸಿನ ಮುಖ ನೋಡಬೇಕೆಂದಿದ್ದಳು. ಕಣ್ಣು ಕೆಳಕ್ಕೆ ಇಳಿದಿತ್ತು. ಅವಳೂ ಅದೂ ಒಟ್ಟಿಗೆ ಆ ಪಾದಗಳನ್ನು ನೋಡುತ್ತಿದ್ದರು.